ಎಂಟು ಕಾಲಿನ ಚಿಪ್, ಎರಡು ಕಾಲಿನ ಕತ್ತೆ

ನಮ್ಮ ಕಸುಬಿನಲ್ಲಿ ನಗುವನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಜನ ಅದನ್ನ ಬ್ಯಾಗಿನಲ್ಲಿ ಹಾಕಿಕೊಂಡು ಅಂಗಡಿ ಬಾಗಿಲಿಗೇ ತಂದುಕೊಡ್ತಾರೆ. ಈಗ ಕೆ.ಆರ್. ಪುರದಲ್ಲಿ ನನ್ನದೇ ಅಂಗಡಿ ಇದೆ. ಸತ್ತ ಲ್ಯಾಪ್‌ಟಾಪ್ ಎಬ್ಬಿಸೋದ್ರಲ್ಲಿ ಈ ಕಡೆ ನನ್ನನ್ನ ಮೀರಿಸೋನು ಹುಟ್ಟಿಲ್ಲ ಅಂತ ನಾನೇ ಹೇಳ್ಕೋಬಾರದು. ಆದ್ರೆ ಬೇರೆ ಯಾರೂ ಹೇಳದೇ ಇರೋದ್ರಿಂದ ನಾನೇ ಹೇಳ್ತಿದ್ದೀನಿ. ಇಷ್ಟಾದರೂ ಮನಸ್ಸು ಓಡೋದು ಮಾತ್ರ ಶಿವಾಜಿನಗರದ ಆ ಮಹಡಿ ಮೇಲಿನ ಅಂಗಡಿಗೆ. ಕೆಳಗೆ ಬಿರಿಯಾನಿ ಹೋಟೆಲ್, ಮೇಲೆ ನನಗೆ ಈ ಕೆಲಸ ಕಲಿಸಿದ ನಮ್ಮ ಉಸ್ತಾದ್. ಅಲ್ಲಿ ರಿಪೇರಿಯಾದ ಲ್ಯಾಪ್‌ಟಾಪ್‌ಗಳು ಮನೆಗೆ ಹೋದ ಮೇಲೂ ಎರಡು ದಿನ ಮಸಾಲೆ ವಾಸನೆ ಹೊಡೀತಿದ್ದವು.

ಬೋರ್‌ವೆಲ್ ಎಂಜಿನಿಯರ್

ಸೇರಿದ ದಿನ ಉಸ್ತಾದ್ ಕನ್ನಡಕದ ಮೇಲಿಂದ ನೋಡಿ ಕೇಳಿದರು, "ಏನೇನು ಬರುತ್ತೆ?"

"ಹೊಸಕೋಟೆ ಆಚೆ ನಮ್ಮೂರು ಉಸ್ತಾದ್. ಊರಿನ ಬೋರ್‌ವೆಲ್ ಸ್ಟಾರ್ಟರ್‌ಗಳೆಲ್ಲ ನನ್ನ ಕೈಯಲ್ಲೇ ರಿಪೇರಿ. ಈ ಲ್ಯಾಪ್‌ಟಾಪ್ ಏನ್ ಮಹಾ, ನೀರು ಎತ್ತದಿರೋ ಮೋಟಾರು!"

ಉಸ್ತಾದ್ ನಗಲಿಲ್ಲ. ಒಂದು ಬೋರ್ಡು ತೋರಿಸಿದರು. ಅದರ ಮೇಲೆ ಜೋಳದ ಕಾಳಿನಷ್ಟು ಗಾತ್ರದ, ಎಂಟು ಕಾಲಿನ ಚಿಪ್. ಗುಂಡಿ ಒತ್ತಿದಾಗ ಯಂತ್ರವನ್ನ ನಿದ್ದೆಯಿಂದ ಎಬ್ಬಿಸೋ ಬಯಾಸ್ ಅನ್ನೋ ಪ್ರೋಗ್ರಾಂ ಇರೋದು ಅದರೊಳಗೆ. ಅದು ಕೆಟ್ಟರೆ ಪರದೆ ಕಪ್ಪು, ಫ್ಯಾನು ಮಾತ್ರ ಗಿರಗಿರ. ಆಗ ಪ್ರೋಗ್ರಾಮರ್ ಅನ್ನೋ ಬೆರಳುದ್ದದ ಸಾಧನವನ್ನ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ಅದರ ಕ್ಲಿಪ್ಪಿನಿಂದ ಚಿಪ್ಪಿನ ಎಂಟೂ ಕಾಲು ಹಿಡಿದು, ಒಳಗಿರೋದನ್ನ ಓದಿ, ಸರಿಯಾದದ್ದನ್ನ ಬರೀಬೇಕು.

"ಬರೆಯೋಕೆ ಮುಂಚೆ ಎರಡು ಸಲ ಓದಬೇಕು," ಅಂದರು ಉಸ್ತಾದ್. "ಕ್ಲಿಪ್ ಸಡಿಲ ಇದ್ರೆ ಒಂದು ಸಲ ಒಂದು ಥರ ಓದುತ್ತೆ, ಇನ್ನೊಂದು ಸಲ ಇನ್ನೊಂದು ಥರ. ಎರಡೂ ಒಂದೇ ಬಂದ್ರೆ ಆ ಫೈಲನ್ನ ಓನರ್ ಹೆಸರಲ್ಲಿ ಎತ್ತಿಡು. ಆಮೇಲೆ ಬರಿ. ಕೆಂಪು ವೈರು ಚಿಪ್ಪಿನ ಚುಕ್ಕಿ ಕಡೆ. ತಿಳೀತಾ?"

"ಅಯ್ಯೋ, ಬಿಡಿ ಉಸ್ತಾದ್!" ಅಂದು ಕ್ಲಿಪ್ ಹಾಕಿದೆ. ಒಂದು ನಿಮಿಷಕ್ಕೆ ಚಿಪ್ ಕಾದ ಕಾವಲಿ ಥರ ಬೆರಳು ಸುಟ್ಟಿತು. ಕೆಂಪು ವೈರು ಚುಕ್ಕಿಗೆ ಬೆನ್ನು ತಿರುಗಿಸಿ ಕೂತಿತ್ತು.

ಉಸ್ತಾದ್ ನಿಧಾನಕ್ಕೆ ಕ್ಲಿಪ್ ಬಿಡಿಸಿದರು. "ಬೇಟಾ, ನಿಮ್ಮೂರಲ್ಲಿ ನೀರು ಬರ್ತಿತ್ತೋ, ಹೊಗೆ ಬರ್ತಿತ್ತೋ?"

ನಾನೇನೂ ಮಾಡಿಲ್ಲ

ಸತ್ತ ಲ್ಯಾಪ್‌ಟಾಪ್ ತರೋರೆಲ್ಲ ಹೇಳೋ ಮೊದಲ ಮಾತು ಇದು. ಇಂದಿರಾನಗರದಿಂದ ಒಬ್ಬ ಬಂದ. ಕೂಲಿಂಗ್ ಗ್ಲಾಸು, ನೆತ್ತಿ ಮೇಲೆ ಜುಟ್ಟು.

"ನಾನೇನೂ ಮಾಡಿಲ್ಲ ಬಾಸ್. ಕಾಫಿ ಕುಡೀತಿದ್ದೆ. ಅದರ ಪಾಡಿಗೆ ಅದು ಆಫ್ ಆಯ್ತು."

"ಬಯಾಸ್ ಏನಾದ್ರೂ ಮುಟ್ಟಿದ್ರಾ?" ಉಸ್ತಾದ್ ಕೇಳಿದರು.

"ಬಯಾಸಾ? ಅದೆಲ್ಲಿರುತ್ತೆ ಅಂತಾನೇ ಗೊತ್ತಿಲ್ಲ. ನಮ್ಮಮ್ಮನಾಣೆ!"

ಉಸ್ತಾದ್ ನನಗೆ ಕಣ್ಸನ್ನೆ ಮಾಡಿದರು. ಚಿಪ್ ಎರಡು ಸಲ ಓದಿದೆ. ಲ್ಯಾಪ್‌ಟಾಪ್ ಶುರುವಾಗುವಾಗ ಕಂಪನಿ ಲಾಂಛನ ಬರುತ್ತಲ್ಲ, ಅದರ ಚಿತ್ರ ಕೂಡ ಈ ಚಿಪ್ಪಿನಲ್ಲೇ ಇರುತ್ತೆ. ಅದನ್ನ ತೆರೆದು ದೊಡ್ಡದು ಮಾಡಿದೆ. ಲಾಂಛನ ಇರಬೇಕಾದ ಜಾಗದಲ್ಲಿ ಕೂಲಿಂಗ್ ಗ್ಲಾಸು, ಜುಟ್ಟು, ಎರಡು ಬೆರಳು ಎತ್ತಿ ಹಲ್ಲು ಕಿರಿದ ಫೋಟೋ.

ಉಸ್ತಾದ್ ಪರದೆಯನ್ನ ಅವನ ಕಡೆ ತಿರುಗಿಸಿದರು. "ನೀವು ಬಿಡಿ, ಏನೂ ಮಾಡಿಲ್ಲ. ಮಾಡಿದ್ದು ಇವರಿರಬೇಕು. ಪರಿಚಯ ಇದೆಯಾ?"

ಶುಕ್ರವಾರದ ವೀರ

ಈಗ ನನ್ನ ಪ್ರತಾಪದ ಶಿಖರ. ಮೂರನೇ ತಿಂಗಳು, ಶುಕ್ರವಾರ ಮಧ್ಯಾಹ್ನ. ಉಸ್ತಾದ್ ನಮಾಜಿಗೆ ಹೋಗಿದ್ದರು. ಲಿಂಗರಾಜಪುರದ ಮದುವೆ ಫೋಟೋಗ್ರಾಫರ್ ಓಡೋಡಿ ಬಂದ. ವೇಗ ಹೆಚ್ಚುತ್ತೆ ಅಂತ ಯಾರೋ ತಿದ್ದಿದ ಬಯಾಸ್ ಹಾಕಿ ಯಂತ್ರವನ್ನ ಮಲಗಿಸಿಬಿಟ್ಟಿದ್ದ.

"ಗುರು, ಸಂಜೆ ಹಲಸೂರಲ್ಲಿ ಹೆಣ್ಣಿನ ಮನೆಯೋರಿಗೆ ಆಲ್ಬಂ ತೋರಿಸಬೇಕು. ಇವರು ಒಪ್ಪಿದ್ರೆ ಹುಡುಗಿ ತಂಗಿ ಮದುವೆ ಆರ್ಡರೂ ನಂದೇ. ಕೈಬಿಡಬೇಡ!"

ನೋಡಿದರೆ, ಹೋದ ವಾರ ಒಬ್ಬ ವಕೀಲರು ತಂದಿದ್ದ ಮಾಡೆಲ್ಲೇ ಇದು. ಅವರ ಫೈಲು ನಮ್ಮ ಕಂಪ್ಯೂಟರಿನಲ್ಲಿ ಬೆಚ್ಚಗೆ ಕೂತಿತ್ತು. ಎರಡು ಸಲ ಓದೋದೇನು, ಒಂದು ಸಲಾನೂ ಓದದೆ ಅದನ್ನೇ ಬರೆದುಬಿಟ್ಟೆ. ಎದ್ದಿತು! ಪರದೆ ಬೆಳಗಿದ ಖುಷಿಯಲ್ಲಿ ಅದರ ಮೇಲೆ ಏನು ಬಂತು ಅಂತ ಇಬ್ಬರೂ ಓದಲಿಲ್ಲ; ಫೋಟೋಗ್ರಾಫರ್ ನನ್ನನ್ನ ತಬ್ಬಿಕೊಂಡ. ಉಸ್ತಾದ್ ಬಂದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡೇ ವರದಿ ಒಪ್ಪಿಸಿದೆ.

ಮಾರನೇ ದಿನ ಬೆಳಿಗ್ಗೆ ಅವನು ಮತ್ತೆ ಬಂದ. ಈ ಸಲ ತಬ್ಬಿಕೊಳ್ಳಲಿಲ್ಲ.

ಹಿಂದಿನ ಸಂಜೆ ಹೆಣ್ಣಿನ ಮನೆಯ ಹಾಲ್‌ನಲ್ಲಿ ಹದಿನೈದು ಜನ ಸುತ್ತ ಕೂತಿದ್ದಾರೆ. ಹೊಸ ಅಳಿಯನಿಗೆ ಮುಂದಿನ ಸಾಲು. ಇವನು ಗುಂಡಿ ಒತ್ತಿದ. ಪರದೆ ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬಂತು: 'ಈ ಯಂತ್ರ ಡೈವೋರ್ಸ್ ವಕೀಲರಿಗೆ ಸೇರಿದ್ದು.'

ಕೋರ್ಟಿನಲ್ಲಿ ಯಾರೂ ಎತ್ತಿಕೊಂಡು ಹೋಗದಿರಲಿ ಅಂತ ವಕೀಲರು ಬರೆಸಿದ್ದ ಸಾಲು ಅದು. ಅವರ ಫೈಲಿನ ಜೊತೆ ಅದೂ ಬಂದುಬಿಟ್ಟಿತ್ತು.

"ಹುಡುಗಿ ಸೋದರಮಾವ ಏನು ಕೇಳಿದ್ರು ಗೊತ್ತಾ?" ಫೋಟೋಗ್ರಾಫರ್ ಲ್ಯಾಪ್‌ಟಾಪನ್ನ ಮೇಜಿನ ಮೇಲೆ ಕುಕ್ಕಿದ. "'ಏನ್ರೀ, ಆಲ್ಬಂ ತೋರಿಸೋಕೆ ಬಂದ್ರಾ, ಕೇಸ್ ಹಿಡಿಯೋಕೆ ಬಂದ್ರಾ?' ಅಂದ್ರು. ಇವತ್ತು ಸಂಜೆ ಇನ್ನೊಂದೇ ಚಾನ್ಸ್ ಕೊಟ್ಟಿದ್ದಾರೆ."

ಉಸ್ತಾದ್ ನನ್ನ ಕಡೆ ತಿರುಗಿದರು. "ಬರೆಯೋಕೆ ಮುಂಚೆ ಓದಿದ್ಯಾ?"

"ಇಲ್ಲ ಉಸ್ತಾದ್."

"ದೋ ಬಾರ್ ಪಢ್ ರೇ, ಗಧೇ!" ಎರಡು ಸಲ ಓದೋ, ಕತ್ತೇ, ಅಂತ. ಬಿರಿಯಾನಿ ಹೋಟೆಲಿನವರೂ ತಲೆ ಎತ್ತಿ ನೋಡಿದರು. "ಈ ಯಂತ್ರದ ಸ್ವಂತ ಸೀರಿಯಲ್ ನಂಬರೂ ಆ ಚಿಪ್ಪಿನಲ್ಲೇ ಇತ್ತು, ಅದನ್ನ ಅಳಿಸಿಹಾಕಿದೀಯ. ಸಂಜೆಯೊಳಗೆ ತಂದು ಬರಿ. ಇಲ್ಲಾಂದ್ರೆ ಹೊಸಕೋಟೆ ಬಸ್ ಹತ್ತು."

ಲ್ಯಾಪ್‌ಟಾಪ್ ಕೆಳಗಿನ ಸ್ಟಿಕ್ಕರ್ ಸವೆದು ಬೋಳಾಗಿತ್ತು. ನಂಬರ್ ಉಳಿದಿದ್ದು ಅದು ಬಂದ ರಟ್ಟಿನ ಪೆಟ್ಟಿಗೆ ಮೇಲೆ ಮಾತ್ರ. ಲಿಂಗರಾಜಪುರಕ್ಕೆ ಓಡಿದೆ. ಫೋಟೋಗ್ರಾಫರ್ ತಾಯಿ ಆ ಪೆಟ್ಟಿಗೆಯಲ್ಲಿ ದಸರಾ ಗೊಂಬೆ ತುಂಬಿ ಅಟ್ಟಕ್ಕೆ ಹಾಕಿದ್ದರು. ಆಯಮ್ಮ ತಮಿಳಿನಲ್ಲಿ ಬೈಯ್ತಾ ಕೆಳಗೆ ನಿಂತಿದ್ದರೆ, ನಾನು ರಾಜ ರಾಣಿ, ಚೆಟ್ಟಿಯಾರ್ ದಂಪತಿ, ಒಂದು ಆನೆ, ಎಲ್ಲರನ್ನೂ ಒಬ್ಬೊಬ್ಬರಾಗಿ ಎತ್ತಿ ಕೆಳಗಿಟ್ಟು ಪೆಟ್ಟಿಗೆ ತಂದೆ. ಉಸ್ತಾದ್ ನಂಬರಿನ ಒಂದೊಂದೇ ಅಕ್ಷರ ಕೂಗಿದರು, ನಾನು ತುಂಬಿದೆ. ಎರಡು ಸಲ ಓದಿದೆ. ಬರೆದೆ. ಎದ್ದಿತು.

"ಓನರ್ ಸಾಲಲ್ಲಿ ಏನು ಹಾಕ್ಲಿ?" ಫೋಟೋಗ್ರಾಫರನ್ನ ಕೇಳಿದೆ.

"ಖಾಲಿ ಬಿಡು ಮಹಾರಾಯ. ಬೇಕಾದ್ರೆ ಅದಕ್ಕೆ ಅರಿಶಿನ ಕುಂಕುಮ ನಾನೇ ಹಚ್ತೀನಿ!"

ತಂಗಿ ಮದುವೆಯೂ ಅವನಿಗೇ ಸಿಕ್ಕಿತು. ನಾನು ಹೊಸಕೋಟೆ ಬಸ್ ಹತ್ತಲಿಲ್ಲ.

ನನ್ನ ಡಿಗ್ರಿ

ನಾಲ್ಕು ವರ್ಷ ಅಲ್ಲೇ ಇದ್ದೆ. ಕೊನೆಗೆ ಉಸ್ತಾದರ ಕಣ್ಣು ಚಿಪ್ಪಿನ ಚುಕ್ಕಿಯನ್ನ ಹಿಡಿಯದಾದಾಗ ಅಂಗಡಿ ಮುಚ್ಚಿ ಮಗಳ ಮನೆಗೆ ಹೊರಟರು. ತಾವು ಬಳಸುತ್ತಿದ್ದ ಹಳೇ ಲ್ಯಾಪ್‌ಟಾಪು, ಪ್ರೋಗ್ರಾಮರ್, ಆ ಕ್ಲಿಪ್, ಮೂರನ್ನೂ ನನ್ನ ಕೈಗೆ ಹಾಕಿದರು. "ಅಂಗಡಿ ಶುರು ಮಾಡಿದ ದಿನ ಆನ್ ಮಾಡು," ಅಂದರು, ಅಷ್ಟೇ.

ಕೆ.ಆರ್. ಪುರದಲ್ಲಿ ಪೂಜೆ ಆಯ್ತು. ನಮ್ಮೂರಿನಿಂದ ಒಂದು ಟೆಂಪೋ ಜನ ಬಂದಿದ್ದರು. ನನ್ನ ಸಾಧನೆಗಳನ್ನ ನಾನೇ ವಿವರವಾಗಿ ಹೇಳಿ ಮುಗಿಸಿ, ಎಲ್ಲರ ಎದುರಿಗೆ ಗತ್ತಿನಿಂದ ಗುಂಡಿ ಒತ್ತಿದೆ. ಕಪ್ಪು ಪರದೆ ಮೇಲೆ, ಓನರ್ ಸಾಲಿನಲ್ಲಿ, ಬಿಳಿ ಅಕ್ಷರಗಳು ಎದ್ದವು:

'ದೋ ಬಾರ್ ಪಢ್ ರೇ, ಗಧೇ.'

ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂದಿದ್ದು ಅಂದುಕೊಳ್ಳಲಿ ಅಂತ ಊದುಬತ್ತಿಯನ್ನ ಹತ್ತಿರಕ್ಕೆ ಎಳೆದುಕೊಂಡೆ.

ಅದನ್ನ ಅಳಿಸೋಕೆ ನನಗೆ ಎರಡು ನಿಮಿಷದ ಕೆಲಸ. ಇವತ್ತಿಗೂ ಅಳಿಸಿಲ್ಲ. ಮೊನ್ನೆ ಒಬ್ಬ ಗಿರಾಕಿ ಪರದೆ ನೋಡಿ, ನಗು ತಡೆದುಕೊಂಡು ಕೇಳಿದರು, "ಯಾರಪ್ಪಾ ಈ ಕತ್ತೆ?"

ಯಾರ ಮುಂದೂ ತಲೆ ಬಗ್ಗಿಸಿದವನಲ್ಲ ನಾನು. ಎದೆ ಉಬ್ಬಿಸಿ, ಕಾಲರ್ ಸರಿ ಮಾಡಿಕೊಂಡು ಹೇಳಿದೆ:

"ನಾನೇ ಸಾರ್! ಕೆ.ಆರ್. ಪುರದಲ್ಲೆಲ್ಲ ಒಬ್ಬನೇ."