ಕತ್ತಲಾದ ಮೇಲೆ ಮಾತಾಡುವಂತಿಲ್ಲ

ಹೆಂಡತಿ: ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಲ್ಲಿ ಉಳಿಯೋದಾದ್ರೆ ಅಷ್ಟು ದೂರ ಕಾಡಿಗೆ ಯಾಕ್ರೀ ಹೋಗ್ಬೇಕು? ಕಿಟಕಿ ತೆಗೆದ್ರೆ ಲಾರಿ ಕಾಣುತ್ತೆ.

ನಾನು: ಲಾರಿ ಹಾರ್ನ್ ಹೊಡ್ಕೊಂಡು ಬರುತ್ತೆ ಕಣೇ. ಹುಲಿ ಹೊಡೆಯುತ್ತಾ?

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದವಳು ನಮ್ಮ ಮೊಮ್ಮಗಳು. ರಜೆಗೆ ನಮ್ಮಿಬ್ಬರಿಗೂ ರಾಷ್ಟ್ರೀಯ ಉದ್ಯಾನ ತೋರಿಸುವ ಹುಮ್ಮಸ್ಸು ಅವಳದು. ಹಲ್ಲಿನ ಡಾಕ್ಟರು. ದಿನವಿಡೀ ಊರವರ ಬಾಯಿ ತೆರೆಸಿ ಬಂದು, ಸಂಜೆ ನನ್ನ ಬಾಯಿ ಮುಚ್ಚಿಸಲು ಒದ್ದಾಡುತ್ತಾಳೆ.

ಮೊಮ್ಮಗಳು: ತಾತ, ಆ ಲಾಡ್ಜಿಂದ ಕಾಡಿನ ಗೇಟಿಗೇ ಅರ್ಧ ದಿನ ದಾರಿ. ಗೇಟ್ ಹತ್ರ ಟೆಂಟ್ ಇವೆ, ನೋಡು.

ನಾನು: ಟೆಂಟಾ! ಬಟ್ಟೆ ಗೋಡೆ ನಂಬ್ಕೊಂಡು ಮಲಗೋದಾ? ನಾನು ಬಸ್ ಕಂಡಕ್ಟರ್ ಆಗಿದ್ದಾಗ ಕಾಡು ದಾರೀಲಿ ಒಂದು ಕರಡಿ ಕಂಬಳಿ ಹೊದ್ಕೊಂಡು ಬಸ್ ಹತ್ತಿತ್ತು. ಯಾರೋ ಯಜಮಾನ್ರು ಅಂದ್ಕೊಂಡು ಕಿಟಕಿ ಸೀಟು ಬಿಡಿಸಿ ಕೊಟ್ಟೆ.

ಹೆಂಡತಿ: ಟಿಕೆಟ್ ತಗೊಳ್ತಾ?

ನಾನು: ಪಾಪ, ಚಿಲ್ಲರೆ ಇರ್ಲಿಲ್ಲ. ಮುಂದಿನ ಸ್ಟಾಪಲ್ಲಿ ಇಳಿಸ್ದೆ. ಒಂದು ಮಾತೂ ಆಡದೆ ಇಳೀತು.

ಹೆಂಡತಿ: ನಿಮ್ಮ ಬಸ್ಸಲ್ಲಿ ಬೇರೆಯವರಿಗೆ ಮಾತಾಡೋಕೆ ಸಂದು ಎಲ್ಲಿ ಸಿಗ್ತಿತ್ತು ಬಿಡಿ.

ಮೊಮ್ಮಗಳು: ಇನ್ನೊಂದಿದೆ, ಕೇಳಿ. ಕಾಡಿನ ಒಳಗೇ ಹಳೇ ಬಂಗಲೆ. ಜಗಲಿ ಮುಂದೇನೇ ಕೆರೆ. ರಾತ್ರಿ ಪ್ರಾಣಿಗಳು ನೀರಿಗೆ ಬರ್ತವಂತೆ. ಅಯ್ಯೋ, ಇದು ನಮಗಾಗಲ್ಲ ಬಿಡಿ.

ಹೆಂಡತಿ: ಯಾಕೆ ಪುಟ್ಟಿ?

ಮೊಮ್ಮಗಳು: ಕತ್ತಲಾದ ಮೇಲೆ ಬೆಳಗಾಗೋ ತನಕ ಬಂದೋರು ಯಾರೂ ಮಾತಾಡುವಂತಿಲ್ಲವಂತೆ. ಮಾತಾಡಿದ್ರೆ ಗೇಟಿನ ಆಚೆ ಕಳಿಸ್ತಾರಂತೆ.

ನನ್ನವಳು ಬಿಡಿಸುತ್ತಿದ್ದ ಬಟಾಣಿ ಕೈಯಲ್ಲೇ ಉಳಿಯಿತು. ಮದುವೆಯ ದಿನವೂ ಆ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ.

ಹೆಂಡತಿ: ಎಷ್ಟು ರಾತ್ರಿ ಉಳೀಬಹುದು?

ನಾನು: ಲೇ, ನನ್ನ ಬಾಯಿ ಕಟ್ಟಿದ್ರೆ ಉಸಿರು ಕಟ್ಟುತ್ತೆ!

ಹೆಂಡತಿ: ಮೂಗಿದೆಯಲ್ಲ! ರೀ, ಜಲಪಾತಕ್ಕೆ ಹೋದಾಗ ನೀರಿನ ಸದ್ದು ಕೇಳಿಸ್ಲಿಲ್ಲ, ನಿಮ್ಮದೇ ಕೇಳಿಸ್ತು. ಸಮುದ್ರದ ಹತ್ರಾನೂ ಅದೇ ಕಥೆ. ಈ ಸಲ ಒಂದು ಗೂಬೆ ಕೂಗೋದನ್ನಾದ್ರೂ ಪೂರ್ತಿ ಕೇಳಿಸ್ಕೋಬೇಕು ನಾನು.

ನಾನು: ಗೂಬೆ ತಾನೇ? ಇಲ್ಲೇ ಕೂಗ್ತೀನಿ, ಕೇಳು.

ಹೆಂಡತಿ: ಮದುವೆ ಆದಾಗಿನಿಂದ ಅದನ್ನೇ ಕೇಳ್ತಿದ್ದೀನಿ. ಪುಟ್ಟಿ, ಬಂಗಲೇನೇ ಇರ್ಲಿ.

ಮೊಮ್ಮಗಳೂ ಅಜ್ಜಿಯ ಪಕ್ಷ ಸೇರಿದಳು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ನನಗೊಂದು ಉಪಾಯ ಹೊಳೆಯಿತು. ಬಂಗಲೆಯ ಕಾವಲುಗಾರನಿಗೆ ನಾನೇ ಫೋನ್ ಮಾಡುವುದು. ನನ್ನ ಮಾತನ್ನು ಅಷ್ಟಿಷ್ಟು ಕೇಳಿದರೆ ಸಾಕು, "ನಿಮ್ಮ ದಮ್ಮಯ್ಯ, ಬರಬೇಡಿ" ಅನ್ನುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಫೋನಿನ ಮೇಲೇ ಕೂತಿದ್ದನೋ ಏನೋ, ಒಂದೇ ರಿಂಗಿಗೆ ಎತ್ತಿದ.

ನಾನು: ನಮಸ್ಕಾರ ಸ್ವಾಮಿ! ನಾನು ಸ್ವಲ್ಪ ಮಾತಿನ ಮನುಷ್ಯ. ಒಂದ್ಸಲ ಏನಾಯ್ತು ಅಂದ್ರೆ... ಹೌದಾ?... ಆನೆ ಅಡುಗೆಮನೆಗೇ ಬಂತಾ?... ಹೂಂ... ಉಪ್ಪು ಕಮ್ಮಿ ಅಂತ ಅದಕ್ಕೆ ಹೇಗೆ ಗೊತ್ತಾಯ್ತು?... ಹೂಂ... ಅಲ್ಲ, ನನಗೂ ಒಂದ್ಸಲ... ಹೂಂ... ಹೂಂ...

ನನ್ನ ಮುಂದಿದ್ದ ಚಹಾಕ್ಕೆ ಕೆನೆ ಕಟ್ಟಿತು. ಬಟ್ಟಲಿನ ಬಟಾಣಿಯೆಲ್ಲ ಬಿಡಿಸಿ ಮುಗಿಯಿತು. ಅಜ್ಜಿ ಮೊಮ್ಮಗಳಿಬ್ಬರೂ ಗಲ್ಲಕ್ಕೆ ಕೈಕೊಟ್ಟು ನನ್ನನ್ನೇ ನೋಡುತ್ತ ಕೂತರು. ಕೊನೆಗೆ ಫೋನಿನ ಮೇಲೆ ಅಂಗೈ ಒತ್ತಿ ಉಸಿರು ಬಿಟ್ಟೆ.

ಮೊಮ್ಮಗಳು: ಏನಂತಾರೆ ತಾತ?

ನಾನು: ಆ ನಿಯಮ ಬಂದೋರಿಗೆ ಮಾತ್ರವಂತೆ ಕಣಮ್ಮಾ, ಅವನಿಗಲ್ಲ! ಪ್ರಾಣಿಗಳಿಗೆ ಅವನ ದನಿ ರೂಢಿಯಂತೆ. ರಾತ್ರಿಯಿಡೀ ಜಗಲೀಲಿ ಕೂತು ಅವನು ಹೇಳ್ತಾನೆ, ನಾವು ಬಾಯಿ ಮುಚ್ಕೊಂಡು ಕೇಳ್ಬೇಕು. (ಹೆಂಡತಿಗೆ) ನೋಡಿದ್ಯಾ? ನಿನ್ನ ಗೂಬೆ ಅಲ್ಲೂ ಕೇಳಿಸಲ್ಲ. ಬಂಗಲೆ ಬೇಡ ಅಂತ ನೀನೇ ಹೇಳ್ಬಿಡು!

ಹೆಂಡತಿ: ಗೂಬೆ ಮನೆ ಹಾಳಾಗ್ಲಿ ಬಿಡಿ. ನಿಮ್ಮ ಬಾಯಿ ಮುಚ್ಚಿಸೋ ಪ್ರಾಣಿ ಒಂದು ಆ ಕಾಡಲ್ಲಿದೆ ಅಂತ ಗೊತ್ತಾಯ್ತಲ್ಲ, ಅದನ್ನ ಕಣ್ಣಾರೆ ನೋಡ್ಲೇಬೇಕು. ಪುಟ್ಟಿ, ಇನ್ನೆರಡು ರಾತ್ರಿ ಸೇರಿಸು!