ಮೂರು ನಿಮಿಷದ ಅಳು

ತಾಯಿ ಮೂರು ನಿಮಿಷ ಹೊರಗಿರಬೇಕು. ಮಗು ಅತ್ತರೂ ನಕ್ಕರೂ ಲತೇಶ ಕ್ಯಾಮೆರಾ ಇಟ್ಟು, ಮುಖ ಬಿಗಿದುಕೊಂಡು ಬರೆದುಕೊಳ್ಳಬೇಕು. ಇಷ್ಟೇ ಕೆಲಸ. ಎಳೆಯ ಮಕ್ಕಳ ಮನಸ್ಸನ್ನು ಅಧ್ಯಯನ ಮಾಡುವ ದೋಹಾದ ಒಂದು ಕೇಂದ್ರದಲ್ಲಿ ಅವನ ಕಾಂಟ್ರ್ಯಾಕ್ಟ್ ಅಂದಿಗೆ ಮುಗಿಯುತ್ತಿತ್ತು. ಸಂಜೆಯೊಳಗೆ ನಲವತ್ತನೆಯ ಮಗುವಿನ ವೀಡಿಯೊ ಕೊಟ್ಟರೆ ರಿನ್ಯೂವಲ್. ಇಲ್ಲವಾದರೆ ಹೆಂಡತಿ, ಪುಟ್ಟ ಮಗಳ ಸಮೇತ ಮಂಗಳೂರಿನ ವಿಮಾನ.

ಅಲ್ ಮನ್ಸೂರಾದ ಒಂದು ಫ್ಲ್ಯಾಟಿನಲ್ಲಿ ಅಮಿತಾ ತನ್ನ ಎರಡು ವರ್ಷದ ಸೃಜನನನ್ನು ಚಾಪೆಯ ಮೇಲೆ ಕೂರಿಸಿ ಹೊರಗೆ ಹೋದಳು. ಸೃಜನ್ ಬಾಗಿಲು ನೋಡಿದ. ಲತೇಶನ ಮುಖ ನೋಡಿದ. ಸೂರು ಹಾರಿಹೋಗುವಂತೆ ಕಿರುಚಿದ.

ಎದುರು ಫ್ಲ್ಯಾಟಿನ ವಸಂತಿಯಕ್ಕ ಸೌಟು ಹಿಡಿದೇ ನುಗ್ಗಿದರು.

"ಎಂತ ಮಾರಾಯ್ರೆ, ಮಗು ಕೂಗುವಾಗ ಕಲ್ಲಿನ ಹಾಗೆ ಕೂತಿದ್ದೀರಲ್ಲ!"

"ಅಕ್ಕ, ಮುಟ್ಟಬೇಡಿ! ರಿಸರ್ಚ್ ನಡೀತಾ ಉಂಟು."

"ಎಂತ ರಿಸರ್ಚ್? ಕಣ್ಣು ಮಿಟುಕಿಸದೆ ಹಾಗೆ ನೋಡಿದ್ರೆ ದೃಷ್ಟಿ ತಾಗದೆ ಇರ್ತದಾ?"

ಮಗುವನ್ನು ಸೊಂಟಕ್ಕೇರಿಸಿದರು. ಅಳು ಟಕ್ಕನೆ ನಿಂತಿತು. ವಸಂತಿಯಕ್ಕ ನಿಲ್ಲಲಿಲ್ಲ. ಅಡುಗೆಮನೆಗೆ ಹೋಗಿ ಉಪ್ಪು, ಒಣಮೆಣಸು ನಿವಾಳಿಸಿ ಕಾದ ಕಾವಲಿಗೆ ಹಾಕಿದರು. ಹೊಗೆ ಎದ್ದಿತು.

"ಘಾಟು ಬರ್ತಾ ಉಂಟು ಅಕ್ಕ!" ಲತೇಶ ಕೆಮ್ಮಿದ. "ಘಾಟು ಬಂದ್ರೆ ದೃಷ್ಟಿ ಇಲ್ಲ ಅಂತ ಅಲ್ವಾ!"

"ಘಾಟು ಬಂದದ್ದು ನಿಮಗೆ. ಮಗುವಿಗೆ ಬಂತಾ?"

ಅಷ್ಟರಲ್ಲಿ ಚಾವಣಿಯ ಅಲಾರಂ ಕೂಗಿತು. ವಾಚ್‌ಮನ್ "ಯಲ್ಲಾ, ಯಲ್ಲಾ!" ಎಂದು ಅವಸರಪಡಿಸುತ್ತ ಏಳು ಮಹಡಿಯ ಜನರನ್ನೂ ಸುಡುಬಿಸಿಲಿಗೆ ಇಳಿಸಿದ. ಅಗ್ನಿಶಾಮಕದವರು ಬಂದು ನೋಡಿ ಹೋಗುವಾಗ ನಾಲ್ಕು ಗಂಟೆ.

"ಮೂರು ನಿಮಿಷ ಅಂದವರು ಮನೆಯನ್ನೇ ಸುಡ್ತಿದ್ರಲ್ಲ ಲತೇಶಣ್ಣ!" ಅಮಿತಾ ಅವನ ಕೈಗೆ ಕ್ಯಾಮೆರಾ ತುರುಕಿದಳು. "ಖಲಾಸ್. ಇನ್ನು ಬರ್ಬೇಡಿ."

ಲತೇಶನಿಗೂ ಗೊಳೋ ಎಂದು ಅಳಬೇಕೆನಿಸಿತು. ಬೇರೆ ದಾರಿಯಿಲ್ಲದೆ ಅದೇ ವೀಡಿಯೊವನ್ನು ಕೇಂದ್ರದ ಮುಖ್ಯಸ್ಥೆ ಮೇಡಂಗೆ ಒಪ್ಪಿಸಿ ಹೊರಗೆ ಕುಳಿತ. ಒಳಗಿನಿಂದ ನಗು ಕೇಳಿಸಿತು. ಮೇಡಂ ಹೊರಬಂದವರೇ, ಮಗು ಹನ್ನೊಂದೇ ಸೆಕೆಂಡಿಗೆ ಸಮಾಧಾನವಾಯಿತಲ್ಲ, ಇಂಥದ್ದನ್ನು ತಾನು ನೋಡಿಯೇ ಇಲ್ಲ ಎಂದರು. ಬದುಕಿದೆಯಾ ಬಡಜೀವವೇ ಎಂದುಕೊಂಡ ಲತೇಶ. ಮೇಡಂ ಕೇಳಿದ್ದು ಸೌಟು ಹಿಡಿದ ಆ ಹೆಂಗಸಿನ ಫೋನ್ ನಂಬರು. ಕೊಟ್ಟ. ಕೇಂದ್ರದಲ್ಲಿ ಇದ್ದದ್ದು ಒಂದೇ ಹುದ್ದೆ.

ಹೆಂಡತಿಗೆ ಹೇಗೆ ಹೇಳುವುದೆಂದು ತಿಳಿಯದೆ ಮನೆಯ ಮೆಟ್ಟಿಲಲ್ಲೇ ಕುಳಿತಿದ್ದಾಗ ಫೋನ್ ಬಂತು.

"ನಾನು ವಸಂತಿ. ಕೆಲಸ ನನಗೇ ಕೊಟ್ರು ಮಾರಾಯ್ರೆ! ನಲವತ್ತಕ್ಕೆ ಒಂದು ಮಗು ಕಮ್ಮಿ ಉಂಟಂತೆ. ನಿಮಗೆ ಹೇಗೂ ನಾಳೆಯಿಂದ ಪುರುಸೊತ್ತಲ್ವಾ, ಮಗಳನ್ನು ಕರ್ಕೊಂಡು ಬನ್ನಿ. ಮತ್ತೆ, ಅವಳು ಎಷ್ಟು ಕೂಗಿದ್ರೂ ನೀವು ಒಳಗೆ ಬರ್ಲಿಕ್ಕಿಲ್ಲ ಆಯ್ತಾ? ರಿಸರ್ಚ್ ಅದು."