ಸಿಡಿಲಾದೇವಿಯ ಸಂಸಾರ ಮತ್ತು ನಮ್ಮ ಓದುಗ ಮಹಾಶಯರು

ಪತ್ರಿಕೆಯಲ್ಲಿ ದೇಶದ ಭವಿಷ್ಯದ ಬಗ್ಗೆ ಸಂಪಾದಕೀಯ ಬರೆದರೆ ಬೆಂಗಳೂರಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಬ್ಬ ರಾಜನನ್ನು ಆಕಾಶದಲ್ಲಿ ಹಾರಿಸಿ ನೋಡಿ, ಊರಲ್ಲಿ ಎಷ್ಟು ಜನ ವಿಮರ್ಶಕರಿದ್ದಾರೆ ಅಂತ ಆಗ ಗೊತ್ತಾಗುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಚಾಮರಾಜಪೇಟೆಯ ಒಂದು ಮಕ್ಕಳ ಮಾಸಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಉಪಸಂಪಾದಕ ಅಂದರೆ ಕಥೆ ಬರೆಯುವವನು, ಪ್ರೂಫ್ ತಿದ್ದುವವನು, ಸಂಪಾದಕರಿಗೆ ಕಾಫಿ ತರಿಸುವವನು. ಕೆಳಗೆ ಪ್ರೆಸ್ಸು, ಮೇಲೆ ನಮ್ಮ ಆಫೀಸು. ಕೆಳಗೆ ಯಂತ್ರ ಓಡಿದರೆ ಮೇಲೆ ನಮ್ಮ ಕುರ್ಚಿಗಳೂ ಓಡುತ್ತಿದ್ದವು. ಅಲ್ಲಿ ಪ್ರತಿ ತಿಂಗಳು ಒಂದು ಚಿತ್ರಕಥೆ ಬರುತ್ತಿತ್ತು. ಬರವಣಿಗೆ ನನ್ನದು, ಚಿತ್ರ ನಮ್ಮ ಆರ್ಟಿಸ್ಟ್‌ದು. ಮಹಾರಾಜ ಮಿಂಚುವರ್ಮ ಹಾರುತ್ತಿದ್ದ. ರಾಣಿ ಸಿಡಿಲಾದೇವಿ ಹಾರುತ್ತಲೇ ಕಣ್ಣಿನಿಂದ ಬೆಂಕಿ ಕಾರುತ್ತಿದ್ದಳು. "ಮದುವೆಯಾದೋರಿಗೆ ಇದು ಮಾಮೂಲು ಗುರು, ಮಕ್ಕಳಿಗೆ ಮಾತ್ರ ಹೊಸದು" ಅನ್ನುತ್ತಿದ್ದ ಆರ್ಟಿಸ್ಟ್.

ಸಂಪಾದಕರು ಸುಮ್ಮನಿರಲಾರದೆ "ಓದುಗರು ತಮ್ಮ ಅಭಿಪ್ರಾಯ ತಿಳಿಸಬೇಕು" ಅಂತ ಒಂದು ಸಾಲು ಹಾಕಿಬಿಟ್ಟರು. ಹೊರಗಿನ ಊರಿನವರು ಪಾಪ, ಕಾರ್ಡು ಬರೆದರು. ನಮ್ಮ ಬೆಂಗಳೂರಿನವರು ಕಾರ್ಡಿನ ಖರ್ಚು ಉಳಿಸಿ ನಡೆದೇ ಬಂದರು.

ಹೆಸರು ಹಿಡಿದ ರಾಣಿ

ಮೊದಲು ಬಂದವರು ಬಸವನಗುಡಿಯ ಒಬ್ಬ ನಿವೃತ್ತ ಕನ್ನಡ ಪಂಡಿತರು. ಕೊಡೆಯನ್ನು ನನ್ನ ಮೇಜಿನ ಮೇಲೆ ಇಟ್ಟು, ಪತ್ರಿಕೆಯನ್ನು ಕೊಡೆಯ ಮೇಲೆ ಇಟ್ಟರು.

"'ಮಿಂಚುವರ್ಮಾ, ಹಿಂದೆ ನೋಡು!' ಇದನ್ನ ಹೇಳಿದ್ದು ಯಾರು?"

"ರಾಣಿ, ಸಾರ್. ಹಿಂದಿನಿಂದ ರಾಕ್ಷಸ ಗದೆ ಎತ್ತಿಕೊಂಡು ಬರ್ತಿದಾನೆ. ಅದಕ್ಕೆ ಎಚ್ಚರಿಸ್ತಾಳೆ."

"ಎಚ್ಚರಿಸಲಿ. ಗಂಡನ್ನ ಹೆಸರು ಹಿಡಿದು ಕೂಗ್ತಾಳಾ? ಅದೂ ಏಕವಚನದಲ್ಲಿ? ಮಕ್ಕಳು ಓದೋ ಪತ್ರಿಕೆ ಇದು! ನಿನ್ನೆ ನನ್ನ ಮೊಮ್ಮಗಳು ಅವರಪ್ಪನಿಗೆ 'ಹಿಂದೆ ನೋಡು' ಅಂದಳು."

ಹಿಂದೆ ಏನಿತ್ತು ಅಂತ ಕೇಳಬೇಕೆನಿಸಿತು. ಸಂಪಾದಕರ ಮುಖ ನೋಡಿ ಸುಮ್ಮನಾದೆ. ಅವರಿಗೆ ಪಂಡಿತರೆಂದರೆ ಭಯ, ಯಾಕೆಂದರೆ ಶಾಲೆಯಲ್ಲಿ ಅವರ ಕೈಕೆಳಗೇ ಓದಿದ್ದರು. ಪಂಡಿತರೇ ಪೆನ್ನು ಕೇಳಿ ಪಡೆದು, ರಾಣಿಗೆ ಹೊಸ ಮಾತು ಬರೆದುಕೊಟ್ಟರು: "ಪ್ರಾಣನಾಥಾ, ತಾವು ದಯಮಾಡಿ ತಮ್ಮ ಬೆನ್ನ ಹಿಂಭಾಗದತ್ತ ದೃಷ್ಟಿ ಹರಿಸುವಂಥವರಾಗಬೇಕು."

ಮುಂದಿನ ಸಂಚಿಕೆಯಲ್ಲಿ ರಾಕ್ಷಸ ಮತ್ತೆ ಬಂದ, ರಾಣಿ ಅದೇ ಮಾತು ಹೇಳಿದಳು. ಅಷ್ಟೂ ಅಕ್ಷರ ಹಿಡಿಸಬೇಕಾದ್ದರಿಂದ ಚೌಕದಲ್ಲಿ ರಾಜನಿಗೆ ಜಾಗ ಉಳಿಯಲಿಲ್ಲ. ಆರ್ಟಿಸ್ಟ್ ಅವನ ಎರಡು ಕಾಲು ಮಾತ್ರ ಬರೆದ, ಮೇಲಕ್ಕೆತ್ತಿದ್ದು. ಪಂಡಿತರು ಬಂದು "ಈಗ ಸರಿಹೋಯ್ತು" ಅಂತ ಬೆನ್ನು ತಟ್ಟಿ ಹೋದರು. ರಾಜನಿಗೆ ಪೆಟ್ಟು ಬಿದ್ದರೇನಂತೆ, ಮರ್ಯಾದೆ ಉಳಿಯಿತಲ್ಲ!

ಸೀರೆಯ ಪ್ರಶ್ನೆ

ಮಲ್ಲೇಶ್ವರಂನ ಮಹಿಳಾ ಸಮಾಜದಿಂದ ಒಂದು ನಿಯೋಗವೇ ಬಂತು. ನಮ್ಮಲ್ಲಿ ಇದ್ದ ಕುರ್ಚಿಗಳು ಸಾಲದೆ ಹಳೇ ಸಂಚಿಕೆಗಳ ಕಟ್ಟುಗಳ ಮೇಲೆ ಕೂಡಿಸಿದೆವು. ಆ ಕಟ್ಟುಗಳಿಗೆ ಜೀವಮಾನದಲ್ಲಿ ಅದೊಂದೇ ಉಪಯೋಗ ಆದದ್ದು.

ನಿಯೋಗದ ಅಧ್ಯಕ್ಷೆ ಕೇಳಿದರು: "ರಾಣಿ ಸೀರೆ ಉಟ್ಟು ಹಾರ್ತಾಳೆ. ಗಾಳಿಗೆ ಸೀರೆ ಗತಿ ಏನು?"

"ಏನೂ ಆಗಿಲ್ಲವಲ್ಲ ಮೇಡಂ, ಚಿತ್ರದಲ್ಲಿ."

"ಆಗಿಲ್ಲ, ಆಗಬಹುದು ಅಂತ!"

ಇದುವರೆಗೆ ಆಗದ, ಮುಂದೆ ಆಗಬಹುದಾದ ಅನಾಹುತದ ಬಗ್ಗೆ ಅರ್ಧ ಗಂಟೆ ಚರ್ಚೆ ನಡೆಯಿತು. ಕಚ್ಚೆ ಹಾಕಿ ಉಡಿಸಿ ಅಂದರು ಒಬ್ಬರು. ರಾಣಿ ತಾನೇ ಹಾರೋದು ಬೇಡ, ಮೇನೆಯಲ್ಲಿ ಕೂತು ಹಾರಲಿ ಅಂದರು ಇನ್ನೊಬ್ಬರು. ಅಲ್ಲೇ ಮೂಲೆಯಲ್ಲಿ ಕೂತಿದ್ದ ಆರ್ಟಿಸ್ಟ್ "ಸೇಫ್ಟಿ ಪಿನ್ ಹಾಕಿದೀನಿ ಮೇಡಂ, ಒಳಗಡೆಯಿಂದ. ಕಾಣಿಸಲ್ಲ" ಅಂದ. ಆ ಉತ್ತರಕ್ಕೆ ಇಡೀ ನಿಯೋಗ ಸಮಾಧಾನಗೊಂಡು ಎದ್ದಿತು.

ಎಲ್ಲರೂ ಮೆಟ್ಟಿಲಿಳಿದ ಮೇಲೆ ಅಧ್ಯಕ್ಷೆಯವರು ಮಾತ್ರ ಮೇಲೆ ಬಂದು ದನಿ ತಗ್ಗಿಸಿ ಕೇಳಿದರು: "ಅಲ್ಲಾ, ಆ ಕೆಂಪು ಒಡಲಿಗೆ ಕಪ್ಪು ಬಾರ್ಡರು, ಯಾವ ಅಂಗಡೀದು?"

ನಮ್ಮ ಪ್ರೆಸ್ಸಿನಲ್ಲಿ ಇದ್ದದ್ದೇ ಆ ಎರಡು ಬಣ್ಣ.

ಕೆಲಸ ಕಳಕೊಂಡ ಸೈನ್ಯ

ಬಿನ್ನಿಪೇಟೆ ಕಡೆಯ ಒಬ್ಬ ಕಾರ್ಮಿಕ ಮುಖಂಡರು ಒಂದು ದಿನ ಬಂದು ನಿಂತೇ ಮಾತಾಡಿದರು. ಕೂತು ಮಾತಾಡುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು ಅಂತ ಕಾಣುತ್ತೆ.

"ಈ ರಾಜ ಒಬ್ಬನೇ ಹಾರಿ ಹೋಗಿ ಯುದ್ಧ ಗೆದ್ದು ಬರ್ತಾನೆ. ಹೌದೋ ಅಲ್ಲವೋ?"

"ಹೌದು. ಮಹಾಶಕ್ತಿ ಇದೆ ಅವನಿಗೆ."

"ಹಾಗಾದ್ರೆ ಸೈನಿಕರ ಗತಿ ಏನ್ರೀ? ಅವರೂ ಹೆಂಡತಿ ಮಕ್ಕಳು ಇರೋರು. ಒಬ್ಬನಿಗೆ ಶಕ್ತಿ ಬಂತು ಅಂತ ಸಾವಿರ ಜನಾನ ಮನೆಗೆ ಕಳಿಸೋದಾ? ಮಿಲ್ಲಿಗೆ ಹೊಸ ಮೆಷಿನ್ ತಂದು ನಮ್ಮೋರಿಗೂ ಹೀಗೇ ಮಾಡಿದ್ದು!"

ಸಂಪಾದಕರು ಹೆದರಿದರು. ಕೆಳಗೆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಕೆಲಸ ನಿಲ್ಲಿಸಿ ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟಿದ್ದು ಅವರಿಗೆ ಕಾಣಿಸಿತ್ತು. ತಕ್ಷಣ ನನ್ನ ಕಡೆ ತಿರುಗಿ "ಸೈನ್ಯಾನೂ ಯುದ್ಧಕ್ಕೆ ಕರ್ಕೊಂಡು ಹೋಗಯ್ಯ" ಅಂದರು. ಕರೆದುಕೊಂಡು ಹೋದೆ. ರಾಜ ಮೇಲೆ ಹಾರಿದ, ಸೈನ್ಯ ಕೆಳಗೆ ಓಡಿತು. ಮುಟ್ಟುವಷ್ಟರಲ್ಲಿ ಯುದ್ಧ ಮುಗಿದಿತ್ತು, ವಾಪಸು ಓಡಿತು. ಮುಖಂಡರಿಗೆ ಖುಷಿಯಾಯಿತು. "ಸರ್ಕಾರಿ ಆಫೀಸ್ ಇದ್ದಂಗೆ ಇದೆ. ಕೆಲಸ ಇಲ್ದಿದ್ರೂ ಹಾಜರಿ ಇದೆ" ಅಂದರು.

ಬಾಳೆಹಣ್ಣು

ಇವರೆಲ್ಲ ಒಂದು ತೂಕ, ಗವಿಪುರದಿಂದ ಬಂದ ಅಜ್ಜಿಯೇ ಒಂದು ತೂಕ. ಓದಲು ಬಾರದು, ಮೊಮ್ಮಗಳು ಓದಿ ಹೇಳುತ್ತಿದ್ದಳಂತೆ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಸೆರಗಿನ ಗಂಟು ಬಿಚ್ಚಿ ಒಂದು ಬಾಳೆಹಣ್ಣು, ವಿಭೂತಿಯ ಪೊಟ್ಟಣ ತೆಗೆದರು.

"ಆ ರಾಣಿಗೆ ಮದುವೆಯಾಗಿ ಇಷ್ಟು ವರ್ಷ ಆಯ್ತು, ಮಡಿಲಲ್ಲಿ ಒಂದು ಕೂಸಿಲ್ಲ. ಯಾರಾದ್ರೂ ಯೋಚನೆ ಮಾಡಿದೀರಾ? ಬರೀ ಯುದ್ಧ ಮಾಡಿಸ್ತೀರಿ. ಗವಿ ಗಂಗಾಧರನಿಗೆ ಪೂಜೆ ಮಾಡಿಸ್ಕೊಂಡು ಬಂದಿದೀನಿ. ಇದನ್ನ ಅವಳಿಗೆ ತಲುಪಿಸಿ."

"ಅಜ್ಜೀ, ಆ ರಾಣಿ ನಿಜವಾಗಿ ಇಲ್ಲ. ನಾವು ಬರೆದಿದ್ದು."

"ಬರೆದೋರು ನೀವು ಅಂದ ಮೇಲೆ ಮನೆ ಎಲ್ಲಿ ಅಂತ ನಿಮಗೆ ಗೊತ್ತೇ ಇರತ್ತಲ್ಲಪ್ಪ" ಅಂದು, ಮೇಜಿನ ಮೇಲೆ ಹಣ್ಣಿಟ್ಟು ಇಳಿದೇಬಿಟ್ಟರು.

ಸಂಪಾದಕರಿಗೆ ಹಸಿವಾಗಿತ್ತು. ಕೈ ಚಾಚಿದರು. ಅಷ್ಟರಲ್ಲಿ ಆರ್ಟಿಸ್ಟ್ ಎದ್ದು ಬಂದು ಹಣ್ಣನ್ನು ಎತ್ತಿಕೊಂಡ. ಹಳೇ ಪ್ರೂಫಿನ ಹಾಳೆಯಲ್ಲಿ ಹಣ್ಣು, ವಿಭೂತಿ ಸುತ್ತಿ ಜೋಳಿಗೆಗೆ ಹಾಕಿಕೊಂಡು ಮನೆಗೆ ಹೋದ. ಅವನಿಗೆ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಗಂಡ ಹೆಂಡತಿ ಇಬ್ಬರೂ ಸುತ್ತದ ಡಾಕ್ಟರಿರಲಿಲ್ಲ, ಹೊರದ ಹರಕೆ ಇರಲಿಲ್ಲ. ನಾನು, ಸಂಪಾದಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪ್ರೂಫು ತಿದ್ದಲು ಕೂತೆವು.

ಮುಂದಿನ ವರ್ಷ ಅವನು ರಜೆ ಹಾಕಿದ. ಚಿತ್ರಕಥೆ ಎರಡು ತಿಂಗಳು ಬರಲಿಲ್ಲ. ಅಜ್ಜಿ ಮತ್ತೆ ಬಂದರು.

"ರಾಣಿ ಯಾಕೆ ಕಾಣಿಸ್ತಿಲ್ಲ? ಏನಾದ್ರೂ ವಿಶೇಷಾನಾ?"

"ವಿಶೇಷ ನಿಜ ಅಜ್ಜೀ. ಆದ್ರೆ ರಾಣಿಗಲ್ಲ. ನೀವು ಕೊಟ್ಟ ಹಣ್ಣನ್ನ ಚಿತ್ರ ಬರೆಯೋರು ಅವರ ಹೆಂಡತಿಗೆ ಕೊಟ್ಟರು. ಹೆಣ್ಣು ಮಗು ಹುಟ್ಟಿದೆ. ಇಬ್ಬರೂ ಚೆನ್ನಾಗಿದಾರೆ."

ಅಜ್ಜಿ ಕಣ್ಣೊರೆಸಿಕೊಂಡರು. ದೇವಸ್ಥಾನದ ದಿಕ್ಕಿಗೆ ತಿರುಗಿ ಕೈಮುಗಿದರು. ತಾಯಿ ಮಗುವಿಗೆ ಏನೇನು ಎಣ್ಣೆ ಹಚ್ಚಬೇಕು ಅಂತ ನನಗೆ ವಿವರವಾಗಿ ಹೇಳಿದರು. ಆಮೇಲೆ ಇದ್ದಕ್ಕಿದ್ದಂತೆ ಮುಖ ಸಪ್ಪಗೆ ಮಾಡಿದರು.

"ಅಲ್ಲಪ್ಪಾ, ಹಾಗಾದ್ರೆ ರಾಣಿ ಗತಿ? ನಂದೇ ತಪ್ಪು. ಹೋದ ಸಲ ವಿವರ ಹೇಳದೆ ಪೂಜೆ ಮಾಡಿಸಿದೆ, ದೇವರಿಗೆ ಅಡ್ರೆಸ್ ತಪ್ಪಿತು. ಈ ಸಲ ಸರಿಯಾಗಿ ಹೇಳಿಸ್ತೀನಿ. ಅವಳ ನಕ್ಷತ್ರ ಯಾವುದು?"

ನಾನು ಸಂಪಾದಕರನ್ನು ನೋಡಿದೆ. ಸಂಪಾದಕರು ಫ್ಯಾನನ್ನು ನೋಡಿದರು.

"ಗೊತ್ತಿಲ್ಲಮ್ಮಾ" ಅಂದರು ಕೊನೆಗೆ.

"ಗೊತ್ತಿಲ್ವಾ!" ಅಜ್ಜಿ ಕೂತಲ್ಲಿಂದ ಎದ್ದೇ ನಿಂತರು. "ಜಾತಕಾನೇ ನೋಡದೆ ಆ ಹುಡುಗೀನ ರಾಜನಿಗೆ ಕಟ್ಟಿಬಿಟ್ರಾ? ಮತ್ತೆ ತಿಂಗಳಿಗೊಬ್ಬ ರಾಕ್ಷಸ ಬರದೆ ಇನ್ಯಾರಪ್ಪಾ ಬರ್ತಾರೆ?"